ಒಂದೇ ಮನೆ, ಎರಡು ಪಾಸ್‌ಬುಕ್

ನಮ್ಮ ಕಾಲದಲ್ಲಿ ಕಾರ್ಕಳದಿಂದ ಮುಂಬಯಿಗೆ ಹೊರಟವರ ಸಾಮಾನನ್ನು ಯಾರೂ ತೂಗುತ್ತಿರಲಿಲ್ಲ. ಅಕ್ಕಿಯ ಮೂಟೆ, ಹಲಸಿನ ಹಣ್ಣು, ಹಪ್ಪಳದ ಡಬ್ಬ ಎಲ್ಲವೂ ಬಸ್ಸಿನ ಟಾಪಿಗೆ ಏರುತ್ತಿದ್ದವು. ಕ್ಲೀನರ್ ಹುಡುಗ ಮುಖ ಸಿಂಡರಿಸಿದರೆ ಕೈಗೆ ಎರಡು ರೂಪಾಯಿ ಇಟ್ಟರಾಯಿತು. ಈಗ ಬಜ್ಪೆಯಲ್ಲಿ ವಿಮಾನ ಹತ್ತಿದರೆ ಎರಡು ಗಂಟೆಯೊಳಗೆ ಮುಂಬಯಿ. ಆದರೆ ಅಲ್ಲೊಂದು ತಕ್ಕಡಿ ಇದೆ, ಅದಕ್ಕೆ ದಾಕ್ಷಿಣ್ಯ ಇಲ್ಲ.

ಕಳೆದ ಬೇಸಗೆ ರಜೆಯ ಮಾತು. ಮುಂಬಯಿಯಲ್ಲಿರುವ ಮಗಳಿಗೆ ದಿನ ತುಂಬಿತ್ತು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಬರುವ ಬದಲು ತವರೇ ಅವಳಲ್ಲಿಗೆ ಹೊರಟಿತು. ನಾವಿಬ್ಬರು, ಮಣಿಪಾಲದಲ್ಲಿರುವ ಮಗ, ಸೊಸೆ, ಆರನೇ ಕ್ಲಾಸಿನ ಮೊಮ್ಮಗಳು, ಒಂದೂವರೆ ವರ್ಷದ ಮೊಮ್ಮಗ. ನನ್ನವಳು ಒಂದು ತಿಂಗಳಿಂದ ಬಾಣಂತಿಯ ಸಾಮಾನು ಕೂಡಿಸುತ್ತಿದ್ದಳು. ಲೇಹ್ಯ, ಗಾಣದ ತೆಂಗಿನೆಣ್ಣೆ, ಹುರುಳಿ, ಕುಚ್ಚಲಕ್ಕಿ, ಮಗುವಿಗೆ ಹಳೆ ಸೀರೆಯಿಂದ ಹೊಲಿದ ಕೌದಿ.

ಬಿ.ಕಾಂ. ಓದಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಕ್ಕ ನನ್ನದೇ ಎಂದೆ. ದೇಶದೊಳಗಿನ ಅಗ್ಗದ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಪ್ಪಿಸುವ ಚೀಲ 15 ಕಿಲೋ, ಕೈಚೀಲ 7 ಕಿಲೋ. ಆರು ಜನ, ಆರು ಹದಿನೈದಲಿ ತೊಂಬತ್ತು!

ಮೊಮ್ಮಗಳು ಟಿಕೆಟ್ ನೋಡಿ ಹೇಳಿದಳು: "ಅಜ್ಜ, ತಮ್ಮನಿಗೆ ಸೀಟೂ ಇಲ್ಲ, ಕಿಲೋನೂ ಇಲ್ಲ."

ಸರಿಯೇ. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರುತ್ತದೆ, ದೇಶದೊಳಗಿನ ಪ್ರಯಾಣದಲ್ಲಿ ಸಾಮಾನ್ಯವಾಗಿ ಅದಕ್ಕೆ ಚೀಲದ ಪಾಲಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಅದು ಶೂನ್ಯ ಶಿಲ್ಕಿನ ಖಾತೆ. ಹಾಗಾದರೆ 75 ಕಿಲೋ. ಮನೆಯ ತೂಕದ ಯಂತ್ರದ ಮೇಲೆ ಮೊದಲು ನಾನೊಬ್ಬನೇ ನಿಂತೆ, ಆಮೇಲೆ ಚೀಲ ಹಿಡಿದು ನಿಂತೆ. ಮೊಮ್ಮಗಳು ಕಳೆದು ಬರೆದಳು. ನಮ್ಮ ಎರಡು ಚೀಲ ಸೇರಿ 35 ಕಿಲೋ. ಮಗನ ಮನೆಯವರ ಮೂರು ಚೀಲ 34 ಎಂದು ಫೋನಿನಲ್ಲಿ ಹೇಳಿದರು. ಒಟ್ಟು 69. ಆರು ಕಿಲೋ ಉಳಿತಾಯ! ನಾನು ಮೀಸೆ ತಿರುವಿದೆ.

ಮೊಮ್ಮಗಳು ರಜೆಗೆ ನಮ್ಮಲ್ಲೇ ಇದ್ದುದರಿಂದ ನಮ್ಮ ಕಾರಿನಲ್ಲೇ ಬಂದಳು. ದಾರಿಯಲ್ಲಿ ತಡವಾಯಿತು. ನಾವು ಮುಟ್ಟುವಾಗ ಮಗ ತನ್ನ ಮೂರು ಚೀಲ ಒಪ್ಪಿಸಿಯಾಗಿತ್ತು, ಅವು ಬೆಲ್ಟಿನ ಮೇಲೆ ಒಳಗೆ ಹೋಗಿದ್ದವು. ಕೌಂಟರಿನ ಹುಡುಗಿ ನಮ್ಮ ಚೀಲ ತೂಗಿ ವಿನಯದಿಂದಲೇ ಹೇಳಿದಳು: "ಅಂಕಲ್, ಐದು ಕಿಲೋ ಜಾಸ್ತಿ ಉಂಟು."

"ನಾವೆಲ್ಲ ಒಂದೇ ಮನೆಯವರು, ಮಗನದ್ದು ಹನ್ನೊಂದು ಕಿಲೋ ಬಾಕಿ ಇದೆಯಲ್ಲ!"

"ನಿಮ್ಮ ಪಿಎನ್‌ಆರ್ ಬೇರೆ, ಅವರದ್ದು ಬೇರೆ. ಅವರ ಮೂರು ಚೀಲವೂ ಆಯಿತು."

ಪಿಎನ್‌ಆರ್ ಎಂದರೆ ಟಿಕೆಟಿನ ಮೇಲಿರುವ ಆರಕ್ಷರದ ಗುರುತು. ಹಿರಿಯ ನಾಗರಿಕರ ರಿಯಾಯಿತಿ ಸಿಗಲೆಂದು ಮಗ ನಮ್ಮಿಬ್ಬರ ಟಿಕೆಟನ್ನು ಬೇರೆಯಾಗಿ ಮಾಡಿಸಿದ್ದ. ಉಳಿದದ್ದು ಕೆಲವು ನೂರು ರೂಪಾಯಿ. ಈಗ ಹೆಚ್ಚುವರಿ ತೂಕಕ್ಕೆ ಕಿಲೋಗೆ ಐನೂರಕ್ಕೂ ಮೇಲೆ.

ಮಕ್ಕಳೇ, ಪಿಎನ್‌ಆರ್ ಅನ್ನು ಬ್ಯಾಂಕಿನ ಖಾತೆ ಸಂಖ್ಯೆ ಎಂದುಕೊಳ್ಳಿ. ಒಂದೇ ಪಿಎನ್‌ಆರ್‌ನಲ್ಲಿದ್ದವರದ್ದು ಜಂಟಿ ಖಾತೆ. ಒಬ್ಬರ ಚೀಲ 17, ಇನ್ನೊಬ್ಬರದ್ದು 13 ಆದರೂ ಸಾಮಾನ್ಯವಾಗಿ ಒಟ್ಟು ನೋಡಿ ಬಿಡುತ್ತಾರೆ. ಪಿಎನ್‌ಆರ್ ಎರಡಾದರೆ ಪಾಸ್‌ಬುಕ್ಕೂ ಎರಡು. ಮಗನ ಖಾತೆಯಲ್ಲಿ ದುಡ್ಡಿದೆ ಎಂದು ಅಪ್ಪನ ಚೆಕ್ ಪಾಸಾಗುತ್ತದೆಯೇ? ಎಷ್ಟೋ ಗಿರಾಕಿಗಳಿಗೆ ನಾನೇ ಈ ಮಾತು ಹೇಳಿ ಚೆಕ್ ವಾಪಸು ಕೊಟ್ಟಿದ್ದೆ.

ನಾನು ಪರ್ಸಿಗೆ ಕೈ ಹಾಕಿದೆ. ಹಾಕುತ್ತಲೇ, "ಕುಚ್ಚಲಕ್ಕಿ ಮುಂಬಯಿಯಲ್ಲೂ ಸಿಗುತ್ತದೆ, ಅದನ್ನು ತೆಗೆದರೇನು?" ಎಂದೂ ಅಂದೆ. ನನ್ನವಳು ಉತ್ತರ ಕೊಡಲಿಲ್ಲ. ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದಳು. ತನ್ನ ಸೀರೆಗಳು, ಹೊದಿಕೆ, ಮಂಡಿಗೆ ಹಚ್ಚುವ ತೈಲದ ಬಾಟಲಿ ಒಂದೊಂದಾಗಿ ತೆಗೆದು ಮೊಮ್ಮಗಳ ಕೈಗೆ ಕೊಟ್ಟಳು. ಅಕ್ಕಿ ಅಲುಗಲಿಲ್ಲ. ಮುಳ್ಳು ಮೂವತ್ತಕ್ಕೆ ಇಳಿಯಿತು. ಬಿಟ್ಟು ಹೋಗಿದ್ದ ಕಾರಿನವನಿಗೆ ಫೋನ್ ಮಾಡಿ ಆ ಗಂಟನ್ನು ಕಾರ್ಕಳಕ್ಕೆ ವಾಪಸು ಕಳಿಸಿದೆವು.

ಈ ವ್ಯವಸ್ಥೆ ಯಾಕೆ ಹೀಗೆ? 2003ರಲ್ಲಿ ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದಾಗ ಅಗ್ಗದ ವಿಮಾನ ನಮ್ಮ ದೇಶಕ್ಕೆ ಬಂತು. ಟಿಕೆಟ್ ಕಡಿಮೆ, ಊಟ ತಿಂಡಿಗೆ ಬೇರೆ ದುಡ್ಡು. ಹೋಟೆಲಿನಲ್ಲಿ ಪೂರ್ತಿ ಊಟದ ಬದಲು ಬೇಕಾದ್ದನ್ನು ಮಾತ್ರ ತರಿಸಿಕೊಂಡ ಹಾಗೆ. 2021ರಲ್ಲಿ ವಿಮಾನಯಾನ ಇಲಾಖೆ, ಒಪ್ಪಿಸುವ ಚೀಲವೇ ಇಲ್ಲದವರಿಗೆ ಇನ್ನೂ ಅಗ್ಗದ ಟಿಕೆಟ್ ಮಾರಲು ಒಪ್ಪಿತು. ಹಾಗಾಗಿ ತೀರ ಕಡಿಮೆ ದರ ಕಂಡರೆ ಖುಷಿಪಡುವ ಮೊದಲು ಚೀಲದ ಸಾಲು ಓದಿ. ಅಲ್ಲಿ ಸೊನ್ನೆ ಇರಬಹುದು.

ಇನ್ನು ಕೆಲವು ಮಾತು. ಹಲವು ಕಂಪೆನಿಗಳಲ್ಲಿ ಒಬ್ಬರಿಗೆ ಒಂದೇ ಚೀಲ. ಹದಿನೈದು ಕಿಲೋವನ್ನು ಮೂರು ಗಂಟು ಮಾಡಿದರೆ ಆಗದು. ತೂಕ ಮೀರುವುದು ಖಚಿತವಾದರೆ ಮನೆಯಲ್ಲೇ ಮುಂಚಿತವಾಗಿ ಹಣ ಕಟ್ಟಿ, ಸಾಮಾನ್ಯವಾಗಿ ಕೌಂಟರಿಗಿಂತ ಅಗ್ಗ. ಪವರ್ ಬ್ಯಾಂಕ್ ಒಪ್ಪಿಸುವ ಚೀಲದಲ್ಲಿ ಇಡಬಾರದು, ಕೈಚೀಲದಲ್ಲೇ ಇರಬೇಕು. ಒಣಕೊಬ್ಬರಿಯನ್ನು ಮನೆಯಲ್ಲೇ ಬಿಡಿ, ಅದರಲ್ಲಿ ಎಣ್ಣೆ ಹೆಚ್ಚು, ತಾನಾಗಿ ಕಾವೇರಿ ಬೆಂಕಿ ಹಿಡಿಯಬಹುದಾದ ವಸ್ತುವೆಂದು ಪಟ್ಟಿಯಲ್ಲಿದೆ. ಯಾವ ಚೀಲವೂ 32 ಕಿಲೋ ದಾಟಬಾರದೆಂಬುದು ಬಹಳ ಕಡೆ ಇರುವ ನಿಯಮ. ಅದನ್ನು ಎತ್ತುವವನದ್ದೂ ಬೆನ್ನೇ ಅಲ್ಲವೇ?

ಅಮೆರಿಕದ ಕಡೆಗೆ ಹೋಗುವವರಿಗೆ ಲೆಕ್ಕ ಇನ್ನೊಂದು ಬಗೆ. ಅಲ್ಲಿ ಚೀಲ ಎಣಿಸುತ್ತಾರೆ, ಒಂದೊಂದು 23 ಕಿಲೋದೊಳಗೆ. ಮಕ್ಕಳೇ, ಒಂದು 20, ಇನ್ನೊಂದು 26 ಆದರೆ ಒಟ್ಟು 46 ಸರಿ ಬಂದರೂ ಎರಡನೆಯದಕ್ಕೆ ದಂಡ ಯಾಕೆ? ಯೋಚಿಸಿ.

ಮಗಳಿಗೆ ಹೆಣ್ಣು ಮಗುವಾಯಿತು. ನಲವತ್ತು ದಿನ ನನ್ನವಳು ಮಗಳ ಸೀರೆಗಳನ್ನೇ ಉಟ್ಟು ಗಂಜಿ ಬೇಯಿಸಿದಳು. ಮಂಡಿ ನೋವನ್ನು ಬಾಯಿಬಿಟ್ಟು ಹೇಳಲಿಲ್ಲ, ಮೆಟ್ಟಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದುದನ್ನು ನಾನು ಕಂಡೆ. ಐದು ಕಿಲೋಗೆ ಎರಡೂವರೆ ಸಾವಿರ ಚಿಲ್ಲರೆ. ಅಂದು ಮಾತಾಡದೆ ಕಟ್ಟಿಬಿಡಬೇಕಿತ್ತು.

ಈಗ ನಮ್ಮ ಮನೆಯಲ್ಲಿ ಟಿಕೆಟ್ ಮಾಡಿಸುವ ಮೊದಲು ಮೊಮ್ಮಗಳು ಕಾಗದ ಹಿಡಿದು ಅಜ್ಜಿಯ ಪಕ್ಕ ಕೂರುತ್ತಾಳೆ. ಮೊದಲ ಸಾಲು ಪಿಎನ್‌ಆರ್ ಎಷ್ಟು ಎಂದು. ಎರಡನೆಯ ಸಾಲು ಅಜ್ಜಿಯ ಸೀರೆ ಮತ್ತು ತೈಲ. ಅಕ್ಕಿ ಆಮೇಲೆ.