ಯಂತ್ರದ ಮೇಲೆ ರಾಗ: ಚರಣಜಿತ್ ಸಿಂಗರ ಪರವಾಗಿ ಒಂದು ಮಾತು

ನಮ್ಮ ಸೀಮೆಯ ಸಂಗೀತ ರಸಿಕರದು ಒಂದು ವಿಚಿತ್ರ ನ್ಯಾಯ. ವಜ್ರಳ್ಳಿಯಲ್ಲಾಗಲಿ, ಯಲ್ಲಾಪುರ ಸಿರಸಿಗಳಲ್ಲಾಗಲಿ ಬೈಠಕ್ಕಿಗೆ ಹೋಗಿ ಕುಳಿತವರು ಇದನ್ನು ಕಂಡಿರಬಹುದು: ಗವಾಯಿಗಳ ಬೆನ್ನ ಹಿಂದೆ ಒಂದು ಪುಟ್ಟ ಪೆಟ್ಟಿಗೆ ತಾನಾಗಿಯೇ ತಂಬೂರಿ ಮೀಟುತ್ತಿರುತ್ತದೆ. ಬೆಂಗಳೂರಿನ ಜಿ. ರಾಜ್ ನಾರಾಯಣ ಅವರು 1979ರಲ್ಲಿ ರೂಪಿಸಿದ ವಿದ್ಯುತ್ ತಂಬೂರಿಯ ವಂಶಕ್ಕೆ ಸೇರಿದ ಪೆಟ್ಟಿಗೆ ಅದು. ಅದರ ಬಗೆಗೆ ಯಾರ ಆಕ್ಷೇಪಣೆಯೂ ಇಲ್ಲ. ಯಕ್ಷಗಾನದ ಹಿಮ್ಮೇಳದಲ್ಲಿ ಹಿಂದೆ ಪುಂಗಿ ಇತ್ತು, ಅನಂತರ ಹಾರ್ಮೋನಿಯಂ ಬಂತು, ಈಗಿನ ಶ್ರುತಿಪೆಟ್ಟಿಗೆ ವಿದ್ಯುತ್ತಿನದು. ಅದಕ್ಕೂ ಆಕ್ಷೇಪಣೆಯಿಲ್ಲ. ಆದರೆ ಯಾರಾದರೂ ಸಿಂಥಸೈಜರನ್ನು ವೇದಿಕೆಗೆ ತಂದು "ಭೂಪಾಲಿ ನುಡಿಸುತ್ತೇನೆ" ಎಂದರೆ ಸಾಕು, "ಅದೆಲ್ಲ ಆರ್ಕೆಸ್ಟ್ರಾದವರ ಸಾಮಾನು" ಎಂಬ ತೀರ್ಪು ಸಿದ್ಧ. ಕಳೆದ ವರ್ಷ ಒಂದು ಸ್ಪರ್ಧೆಯಲ್ಲಿ ನನ್ನ ಸಹಪಾಠಿಯ ಹೆಸರನ್ನು ಶಾಸ್ತ್ರೀಯ ವಾದ್ಯಗಳ ಪಟ್ಟಿಯಿಂದ ಇದೇ ಕಾರಣಕ್ಕೆ ಹೊಡೆದುಹಾಕಿದರು. ಹೊಡೆದುಹಾಕಿದ ಮಹನೀಯರ ಮಗ್ಗುಲಲ್ಲೇ ಆ ತಂಬೂರಿ ಯಂತ್ರ ಗುಂಯ್‌ಗುಡುತ್ತಿತ್ತು!

ಈ ತೀರ್ಪನ್ನು ಪ್ರಶ್ನಿಸುವವರು ತಿಳಿದಿರಬೇಕಾದ ಹೆಸರು ಚರಣಜಿತ್ ಸಿಂಗರದು. ಇವರು ಮುಂಬಯಿಯವರು. ಹಿಂದಿ ಚಲಚ್ಚಿತ್ರಗಳ ವಾದ್ಯಗೋಷ್ಠಿಗಳಲ್ಲಿ ಗಿಟಾರ್ ಮೊದಲಾದ ವಾದ್ಯಗಳನ್ನು ನುಡಿಸಿ ಜೀವನ ಸಾಗಿಸಿದವರು. ಹಾಡು ಊರೆಲ್ಲ ಹರಡಿದರೂ ನುಡಿಸಿದವನ ಹೆಸರು ಯಾರಿಗೂ ತಿಳಿಯದಂಥ ವೃತ್ತಿ ಅದು. 1982ರಲ್ಲಿ, ಚಲಚ್ಚಿತ್ರಗಳಲ್ಲೆಲ್ಲ ಡಿಸ್ಕೋ ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ಇವರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಅದರಲ್ಲಿ ತಬಲಾ ಇಲ್ಲ, ಸಿತಾರ್ ಇಲ್ಲ. ಇರುವುದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು: ರಾಗವನ್ನು ನುಡಿಸಲು ಜೂಪಿಟರ್-8, ಲಯಕ್ಕೆ ಟಿಆರ್-808, ಮಂದ್ರದಲ್ಲಿ ಓಡುವ ಸ್ವರಗಳಿಗೆ ಟಿಬಿ-303. ಭೈರವಿ, ಲಲಿತ್, ತೋಡಿ, ಯಮನ್, ಮಾಲಕಂಸ ಮುಂತಾಗಿ ಹತ್ತು ರಾಗಗಳು. ಆಗ ಅದನ್ನು ಕೊಂಡು ಕೇಳಿದವರು ಅತ್ಯಲ್ಪ.

ಮುಂದಿನ ಕಥೆ ಸ್ವಾರಸ್ಯವಾದದ್ದು, ಬೇಸರ ತರುವಂಥದೂ ಹೌದು. 1987ರಲ್ಲಿ ಅಮೆರಿಕದ ಶಿಕಾಗೋ ನಗರದ ಫ್ಯೂಚರ್ ಎಂಬ ತಂಡ ಅದೇ ಟಿಬಿ-303 ಯಂತ್ರವನ್ನು ತಿರುಚಿ ನುಡಿಸಿ 'ಆಸಿಡ್ ಟ್ರ್ಯಾಕ್ಸ್' ಎಂಬ ಮುದ್ರಿಕೆ ಮಾಡಿತು. ಅದರಿಂದ 'ಆಸಿಡ್ ಹೌಸ್' ಎಂಬ ಹೊಸ ನೃತ್ಯಸಂಗೀತವೇ ಹುಟ್ಟಿತು. 2002ರಲ್ಲಿ ಹಾಲೆಂಡಿನ ಸಂಗ್ರಾಹಕ ಎಡೊ ಬೌಮನ್ ದಿಲ್ಲಿಯ ಅಂಗಡಿಯೊಂದರಲ್ಲಿ ಸಿಂಗರ ಮುದ್ರಿಕೆಯನ್ನು ಕಂಡು, 2010ರಲ್ಲಿ ಮತ್ತೆ ಪ್ರಕಟಿಸಿದಾಗ ಪಶ್ಚಿಮದವರು ಬೆರಗಾದರು. ಶಿಕಾಗೋದವರಿಗಿಂತ ಐದು ವರ್ಷ ಮೊದಲೇ ಇಂಥ ನಾದ ಮುಂಬಯಿಯಲ್ಲಿ ಹೊರಟಿತ್ತೇ! ಇದು ಇತ್ತೀಚಿನ ಯಾರದೋ ಕುಚೇಷ್ಟೆ ಎಂದು ಶಂಕಿಸಿದವರೂ ಇದ್ದರು. ಎಪ್ಪತ್ತು ದಾಟಿದ ಮೇಲೆ ಸಿಂಗರು ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು. 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈ ಹೊಗಳಿಕೆಯೇ ಅವರಿಗೆ ಇನ್ನೊಂದು ಬಗೆಯ ಅನ್ಯಾಯವನ್ನು ಮಾಡಿದೆ ಎಂಬುದು ನನ್ನ ನಮ್ರ ಅಭಿಪ್ರಾಯ. ಪರರ ಸಂಗೀತಕ್ಕೆ ಆಕಸ್ಮಿಕವಾಗಿ ಮುನ್ನುಡಿ ಬರೆದವರು ಎಂದು ಅವರನ್ನು ಕೊಂಡಾಡುವವರು, ಅವರು ನಿಜವಾಗಿ ಮಾಡಹೊರಟದ್ದು ಏನೆಂದು ಕೇಳುವುದೇ ಇಲ್ಲ. ಅವರು ನುಡಿಸಹೊರಟದ್ದು ರಾಗವನ್ನು. ಹಾಸಣಗಿ ಗಣಪತಿ ಭಟ್ಟರಂಥ ಗಾಯಕರನ್ನು ಕೊಟ್ಟ ತಾಲ್ಲೂಕು ನಮ್ಮದು. ರಾಗದ ವಿಷಯದಲ್ಲಿ ನಮ್ಮವರ ಕಿವಿ ಸುಲಭವಾಗಿ ಮೋಸಹೋಗದು. ಆ ಕಿವಿಯಿಂದಲೇ ಈ ಮುದ್ರಿಕೆಯನ್ನು ಕೇಳಬೇಕು.

ಮೊದಲನೆಯದಾಗಿ, ರಾಗದ ಅಡಿಯಲ್ಲಿ ಪಾಶ್ಚಾತ್ಯ ಸ್ವರಮೇಳಗಳನ್ನು ಅವರು ಹಾಸಿಲ್ಲ. ಚಿತ್ರಗೀತೆಗಳಲ್ಲಿ ನಿತ್ಯ ಅದೇ ಕೆಲಸ ಮಾಡಿದವರಿಗೆ ಅದನ್ನು ಬಿಡುವುದು ಸುಲಭವಾಗಿರಲಾರದು. ಲಲಿತದಲ್ಲಿ ಪಂಚಮವಿಲ್ಲ, ಮಧ್ಯಮಗಳು ಎರಡು; ಮಾಲಕಂಸದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಇಂಥ ರಾಗಗಳ ಕೆಳಗೆ ಪಿಯಾನೋದ ಸಿದ್ಧ ಸ್ವರಮೇಳಗಳನ್ನು ಇಟ್ಟರೆ ವರ್ಜ್ಯಸ್ವರ ನುಸುಳಿ ರಾಗದ ಕತ್ತು ಹಿಸುಕಿದಂತೆ. ಸಿಂಗರ ವಾದನದಲ್ಲಿ ಎಲ್ಲವೂ ಒಂದೇ ಷಡ್ಜಕ್ಕೆ ಜೋತುಬಿದ್ದು ನಡೆಯುತ್ತದೆ.

ಎರಡನೆಯದು ಇನ್ನೂ ಮುಖ್ಯವಾದದ್ದು. ಮೀಂಡ್ ಇಲ್ಲದೆ ರಾಗವಿಲ್ಲವೆಂಬುದು ನಮ್ಮ ಹಿರಿಯರ ಮಾತು. ಈ ಕೊರತೆಯ ಹೆಸರಿನಲ್ಲಿಯೇ ಹಾರ್ಮೋನಿಯಂ ಅನ್ನು ಬಾನುಲಿಯವರು 1940ರಲ್ಲಿ ಹೊರಗಟ್ಟಿದರು. ಮತ್ತೆ ಒಳಬಿಡಲು ಮೂರು ದಶಕ ಹಿಡಿಯಿತು. ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯಬಹುದೇ ಹೊರತು ಜಾರಲು ಬಾರದು. ಆದರೆ ಸಿಂಥಸೈಜರಿನಲ್ಲಿ ಜಾರಬಹುದು. ಜೂಪಿಟರ್-8ರಲ್ಲಿ ಒಂದು ಸ್ವರ ಇನ್ನೊಂದಕ್ಕೆ ಎಷ್ಟು ನಿಧಾನವಾಗಿ ಸರಿಯಬೇಕೆಂದು ನುಡಿಸುವವನೇ ಗೊತ್ತುಮಾಡಬಹುದು. ಟಿಬಿ-303ರಲ್ಲಿಯೂ, ಹದಿನಾರು ಮನೆಗಳ ಸ್ವರಸಾಲಿನಲ್ಲಿ, ಯಾವ ಸ್ವರ ಮುಂದಿನದಕ್ಕೆ ಜಾರಬೇಕು, ಯಾವುದಕ್ಕೆ ಒತ್ತು ಬೀಳಬೇಕು ಎಂದು ಒಂದೊಂದಕ್ಕೂ ಗುರುತು ಹಾಕುವ ಏರ್ಪಾಡಿದೆ. ಗಿಟಾರಿನವರಿಗೆ ಜೊತೆಗೂಡಲೆಂದು ಮಾಡಿದ, 1984ರಷ್ಟರಲ್ಲಿ ತಯಾರಿಕೆಯೇ ನಿಂತುಹೋದ ಆ ಪುಟ್ಟ ಯಂತ್ರದಲ್ಲಿ ರಾಗಕ್ಕೆ ಒದಗುವ ಗುಣವೊಂದಿದೆ ಎಂದು ಗುರುತಿಸಿದ್ದು ಸಾಮಾನ್ಯ ಕಿವಿಯೇ? ಮೀಂಡ್ ಬಾರದ ಹಾರ್ಮೋನಿಯಂಗೆ ಬೈಠಕ್ಕಿನಲ್ಲಿ ಮಣೆ ಹಾಕಿ, ಮೀಂಡ್ ಬರುವ ವಾದ್ಯವನ್ನು ಬಾಗಿಲಾಚೆ ನಿಲ್ಲಿಸುವವರು ಇದಕ್ಕೆ ಏನೆನ್ನುತ್ತಾರೋ ತಿಳಿಯದು.

ಸಿಂಗರ ಮುದ್ರಿಕೆ ನಿರ್ದೋಷವೆಂದು ನಾನು ವಾದಿಸುವುದಿಲ್ಲ. ಆಲಾಪಕ್ಕೆ ಅಲ್ಲಿ ಎಡೆ ತೀರ ಕಡಿಮೆ. ನಾಲ್ಕೈದು ನಿಮಿಷದಲ್ಲಿ ತೋಡಿ ಎಷ್ಟು ತಾನೇ ಬಿಚ್ಚಿಕೊಂಡೀತು? ಡಿಸ್ಕೋದ ನಾಲ್ಕು ಹೆಜ್ಜೆಯಲ್ಲಿ ಪ್ರತಿಯೊಂದು ಹೆಜ್ಜೆಗೂ ಒಂದೇ ಭಾರ. ತೀನತಾಲದಲ್ಲಿ ಸಮಕ್ಕೆ ಬಂದು ಕೂಡುವಾಗಿನ ಸಂತೋಷ ಅದರಲ್ಲಿ ಸಿಗದು. ನಸುಕಿನ ಲಲಿತಕ್ಕೂ ನಡುರಾತ್ರಿಯ ಮಾಲಕಂಸಕ್ಕೂ ಅದೇ ಓಟ. ಸತತವಾಗಿ ಹತ್ತನ್ನೂ ಕೇಳಿದರೆ ನನಗಂತೂ ದಣಿವಾಗುತ್ತದೆ.

ಹಾಗೆಂದು ಮುಚ್ಚಿಡುವ ವಸ್ತು ಇದಲ್ಲ. ನಮ್ಮ ಕಾಲೇಜಿನ ಸಂಗೀತಾಸಕ್ತರು ಯಾವುದಾದರೂ ಶನಿವಾರ ಮಧ್ಯಾಹ್ನ ಇದನ್ನು ಕೇಳಿಸುವ ಏರ್ಪಾಡು ಮಾಡಲಿ. ಅಧ್ಯಾಪಕರಲ್ಲಿ ರಾಗ ಬಲ್ಲವರು ಎದುರಿಗೆ ಕುಳಿತು ತಪ್ಪು ಹಿಡಿಯಲಿ. ನುಡಿಸಿದವರ ಹೆಸರನ್ನಾಗಲಿ, ವಾದ್ಯದ ಹೆಸರನ್ನಾಗಲಿ ಮುಂದಾಗಿ ಹೇಳಬಾರದು. ಮೊದಲು ಭೂಪಾಲಿಯನ್ನೂ, ಅನಂತರ ಬೈರಾಗಿಯನ್ನೂ ಹಾಕಬೇಕು. ಡಿಸ್ಕೋ ಶಬ್ದಕ್ಕೆ ಬೆಚ್ಚಿ ಎದ್ದುಹೋಗುವವರನ್ನು ತಡೆಯಲು ಬಾಗಿಲಲ್ಲಿ ನಾನು ನಿಲ್ಲುತ್ತೇನೆ.