ಹಿಂಜರಿತ ಮುಗಿದರೂ ಮುಗಿಯದ ಸಾಲ

ಆರ್ಥಿಕ ಹಿಂಜರಿತವನ್ನು ಪತ್ರಿಕೆಗಳು ಶೇಕಡಾವಾರು ಅಂಕಿಗಳಲ್ಲಿ ಅಳೆಯುತ್ತವೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಗೆ ಬಂದ ಬಳಿಕ, ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನವು ಶೇ. 23.9ರಷ್ಟು ಕುಸಿಯಿತೆಂದು ಸರಕಾರದ ಮೊದಲ ಅಂದಾಜು ತಿಳಿಸಿತು. ಮರುವರ್ಷ ಅದೇ ಅವಧಿಯಲ್ಲಿ ಶೇ. 20.1ರಷ್ಟು ಬೆಳವಣಿಗೆ ಪ್ರಕಟವಾಯಿತು. ನೂರು ರೂಪಾಯಿ 76ಕ್ಕೆ ಇಳಿದು ಬಳಿಕ 91ಕ್ಕೆ ಏರಿದಂತಾಯಿತು. ಅಂಕಿಗಳು ಹೀಗೆ ಬೀಳುತ್ತವೆ, ನಿಧಾನವಾಗಿ ಏಳುತ್ತವೆ. ಆದರೆ ಅವುಗಳೊಂದಿಗೆ ಬಿದ್ದ ಕುಟುಂಬಗಳೆಲ್ಲವೂ ಎದ್ದಿವೆಯೇ?

ಉಳಿತಾಯವುಳ್ಳವರಿಗೆ ಹಿಂಜರಿತವೆಂದರೆ ಕೆಲವು ಖರ್ಚುಗಳನ್ನು ಮುಂದೂಡುವ ಕಾಲ. ದುಡಿಮೆಯ ಬಹುಪಾಲು ಅಡುಗೆಮನೆಗೇ ಸಲ್ಲುವ ಕುಟುಂಬಕ್ಕೆ ಮುಂದೂಡಲು ಏನಿದೆ? ಕರಾವಳಿಯ ಬೀಡಿ ಕಾರ್ಮಿಕ ಮಹಿಳೆಗೆ ಮಜೂರಿ ದೊರೆಯುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ಮತ್ತು ಹೊಗೆಸೊಪ್ಪು ಬಾರದಿದ್ದರೆ ಆ ವಾರದ ಆದಾಯವೇ ಇಲ್ಲ. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಾಣಿಕೆ ಮಾಡುವವರ ರೇಷ್ಮೆಯನ್ನು ನೇಕಾರರು ಕೊಳ್ಳದಿದ್ದರೆ, ಗೂಡಿಗೆ ಹಾಕಿದ ಹಣ ಅಲ್ಲೇ ಸಿಲುಕಿಕೊಳ್ಳುತ್ತದೆ. ಇಂತಹ ಮನೆಗಳಲ್ಲಿ ಮೊದಲು ಹಾಲು, ಮಾಂಸ ನಿಲ್ಲುತ್ತವೆ, ಬಳಿಕ ಔಷಧಿ, ಆಮೇಲೆ ಮಕ್ಕಳ ಶಾಲಾ ಶುಲ್ಕ. ಕೊನೆಗೆ ತಾಯಿಯ ಬಳೆ ಅಡವಿಗೆ ಹೋಗುತ್ತದೆ, ಹೊಲಿಗೆ ಯಂತ್ರವೋ ಆಟೋರಿಕ್ಷಾವೋ ಮಾರಾಟವಾಗುತ್ತದೆ.

ನಿಜವಾದ ಬಡತನ ಆರಂಭವಾಗುವುದು ಇಲ್ಲಿಂದ. ಹಾಲು ನಿಂತರೆ ನಾಳೆ ಮತ್ತೆ ತರಬಹುದು. ದುಡಿಮೆಯ ಸಾಧನವನ್ನೇ ಮಾರಿದವನು ಮಾರುಕಟ್ಟೆ ಚೇತರಿಸಿದಾಗ ಯಾವುದರಿಂದ ದುಡಿಯಬೇಕು? ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ ಮರಳಿ ತರಗತಿಗೆ ಬರುವುದು ಅಪರೂಪ. ಇತ್ತ ಸಾಲವೂ ಬೆಳೆಯುತ್ತಿರುತ್ತದೆ. 2020ರಲ್ಲಿ ರಿಸರ್ವ್ ಬ್ಯಾಂಕ್ ಆಗಸ್ಟ್ ತಿಂಗಳವರೆಗೆ ಕಂತು ಮುಂದೂಡಲು ಅವಕಾಶ ನೀಡಿತಾದರೂ ಆ ಅವಧಿಯ ಬಡ್ಡಿ ನಿಲ್ಲಲಿಲ್ಲ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದು ಈ ಹೊರೆಯ ಭಾರವನ್ನು ತಿಳಿಸುತ್ತದೆ.

ಇಂತಹ ಸಂಕಷ್ಟಕ್ಕೆ ನಮ್ಮ ಸಮುದಾಯದ ಉತ್ತರವೇನು? ಬಹುತೇಕ ಕಡೆಗಳಲ್ಲಿ ಅದು ಆಹಾರದ ಕಿಟ್. ಹಸಿದವರಿಗೆ ಉಣಿಸುವುದು ಮಹತ್ತರವಾದ ಪುಣ್ಯಕಾರ್ಯ; ಲಾಕ್‌ಡೌನಿನ ರಮಝಾನಿನಲ್ಲಿ ನಮ್ಮ ಯುವಕರು ಮನೆಮನೆಗೆ ಅಕ್ಕಿ, ಬೇಳೆ ತಲುಪಿಸಿದ್ದನ್ನು ಅಲ್ಲಾಹನು ಸ್ವೀಕರಿಸಲಿ. ಆದರೆ ಕಿಟ್ ಮುಗಿದ ವಾರ ಕಂತು ಕೇಳುವವನು ಬಾಗಿಲಿಗೆ ಬಂದೇ ಬರುತ್ತಾನೆ. ಆಗ ನಾವು ಎಲ್ಲಿರುತ್ತೇವೆ?

ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಸೂರಾ ಅತ್ತೌಬಾದ 60ನೆಯ ಸೂಕ್ತ ಹೆಸರಿಸುತ್ತದೆ. ಅವುಗಳಲ್ಲಿ ‘ಗಾರಿಮೀನ್’, ಅಂದರೆ ಸಾಲದಲ್ಲಿ ಮುಳುಗಿದವರು, ಒಂದು ಪ್ರತ್ಯೇಕ ವರ್ಗ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕೆಂದೂ ಮನ್ನಾ ಮಾಡುವುದು ಇನ್ನೂ ಉತ್ತಮವೆಂದೂ ಸೂರಾ ಅಲ್‌ಬಕರಾದ 280ನೆಯ ಸೂಕ್ತ ಬೋಧಿಸುತ್ತದೆ. ಪ್ರವಾದಿವರ್ಯರು(ಸ) ಸಾಲದ ಹೊರೆಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಇಷ್ಟು ಸ್ಪಷ್ಟವಾದ ಪಾಲನ್ನು ನಮ್ಮ ಎಷ್ಟು ಜಮಾಅತ್‌ಗಳು ಲೆಕ್ಕಕ್ಕೆ ತೆಗೆದುಕೊಂಡಿವೆ?

ಹಿಜರಿ 18ರ ಸುಮಾರಿಗೆ ಮದೀನಾ ಪ್ರದೇಶವನ್ನು ಭೀಕರ ಕ್ಷಾಮ ಆವರಿಸಿದಾಗ ಖಲೀಫಾ ಉಮರ್(ರ) ಶಾಮ್‌ನಿಂದ ಧಾನ್ಯ ತರಿಸಿದರು. ಜನರಿಗೆ ಸಿಗುವವರೆಗೆ ತಾವೂ ತುಪ್ಪ, ಮಾಂಸ ತ್ಯಜಿಸಿದರು. ಅಷ್ಟೇ ಅಲ್ಲ, ಆ ವರ್ಷ ಝಕಾತ್ ವಸೂಲಿಯನ್ನೇ ಮುಂದೂಡಿದರು. ಅನ್ನದ ಜೊತೆಗೆ ಕಾಲಾವಕಾಶವನ್ನೂ ಕೊಟ್ಟರು.

ಸಾಲಕ್ಕೆ ನೆರವಾದರೆ ದುಂದುವೆಚ್ಚಕ್ಕೆ ಪ್ರೋತ್ಸಾಹ ಸಿಗುವುದೆಂದು ಕೆಲವರು ಶಂಕಿಸಬಹುದು. ಆಡಂಬರದ ಮದುವೆಯ ಸಾಲವನ್ನೂ ಚಿಕಿತ್ಸೆ, ಬಾಡಿಗೆ, ಅನ್ನಕ್ಕಾಗಿ ಮಾಡಿದ ಸಾಲವನ್ನೂ ಬೇರ್ಪಡಿಸಿ ನೋಡುವುದು ಮೊಹಲ್ಲಾದ ಹಿರಿಯರಿಗೆ ಅಸಾಧ್ಯವೇನಲ್ಲ.

ಆದ್ದರಿಂದ ಪ್ರತಿಯೊಂದು ಜಮಾಅತ್ ತನ್ನ ಬೈತುಲ್ ಮಾಲ್‌ನ ಒಂದು ಭಾಗವನ್ನು ಸಾಲಗಾರರಿಗಾಗಿ ಮೀಸಲಿಡಲಿ. ಬಳೆ ಹರಾಜಾಗುವ ಮುನ್ನ, ಯಂತ್ರ ಮಾರಾಟವಾಗುವ ಮುನ್ನ ಆ ನೆರವು ತಲುಪಲಿ. ಝಕಾತ್ ಸಾಲದೆಡೆಯಲ್ಲಿ ಸ್ಥಿತಿವಂತರು ಬಡ್ಡಿರಹಿತ ಕರ್ಝೆ ಹಸನ ನೀಡಲಿ. ಅಂಗಡಿಯ ಬಾಕಿಗೂ ಮನೆಬಾಡಿಗೆಗೂ ಗಡುವು ವಿಸ್ತರಿಸಲಿ. ಆದರೆ ತನಗೆ ಬರಬೇಕಾದ ಬಾಕಿಯನ್ನು ಬಿಟ್ಟುಕೊಟ್ಟು ಅದನ್ನೇ ಝಕಾತ್ ಎಂದೆಣಿಸುವುದನ್ನು ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲವೆಂಬುದು ನೆನಪಿರಲಿ.

ಕೊಡುವ ಕೈ ಕ್ಯಾಮರಾ ಹಿಡಿಯದಿರಲಿ. ಸ್ವಾಭಿಮಾನದಿಂದ ಬೇಡದಿರುವವರನ್ನು ತಿಳಿಯದವರು ಸ್ಥಿತಿವಂತರೆಂದೇ ಭಾವಿಸುತ್ತಾರೆ ಎಂದು ಕುರ್‌ಆನ್ ಎಚ್ಚರಿಸಿದೆ. ಅಂಥವರು ನಮ್ಮ ಪಕ್ಕದ ಸಫ್‌ನಲ್ಲೇ ನಮಾಝ್‌ಗೆ ನಿಂತಿರಬಹುದು. ಅವರು ಕೈಚಾಚುವವರೆಗೆ ಕಾಯದೆ ಅವರನ್ನು ಹುಡುಕಿ ಹೋಗುವುದು ನಮ್ಮ ಹೊಣೆ.