ಶಾಸ್ತ್ರದಾನವೂ ಶಿಕ್ಷಕನ ಸಂಬಳವೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ನಮ್ಮ ಸಮಾಜ ಯಾವುದರಲ್ಲಿಯೂ ಹಿಂದೆ ಬಿದ್ದಿಲ್ಲವೆಂದು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಮೊದಲ ಮೂರರ ವಿಷಯದಲ್ಲಿ ನನ್ನ ತಕರಾರಿಲ್ಲ. ನಾಲ್ಕನೆಯದರ ಅರ್ಥವನ್ನು ಮಾತ್ರ ನಾವು ಬಹಳ ಕಿರಿದುಗೊಳಿಸಿದ್ದೇವೆ. ಕೊಠಡಿ ಕಟ್ಟಿಸಿ ಬಾಗಿಲ ಮೇಲೆ ಹೆಸರಿನ ಕಲ್ಲು ಹಾಕಿಸುವುದು, ನೋಟುಪುಸ್ತಕ ಹಂಚುವುದು, ಗ್ರಂಥ ಅಚ್ಚು ಹಾಕಿಸುವುದು, ಇಷ್ಟಕ್ಕೆ ಶಾಸ್ತ್ರದಾನ ಪೂರ್ಣವಾಯಿತೆಂಬ ಭಾವನೆ ಬೇರೂರಿದೆ. ಆ ಕೊಠಡಿಯಲ್ಲಿ ನಿಂತು ಕಲಿಸುವವರಿಗೆ ತಿಂಗಳ ಕೊನೆಗೆ ಏನು ಕೈಸೇರುತ್ತದೆಂದು ಕೇಳುವ ದಾನಿ ಅಪರೂಪ. ಶಾಂತವಾದ ಊರಿನಲ್ಲಿ ಈ ಅಲಕ್ಷ್ಯ ಹೇಗೋ ಸಾಗಿಹೋದೀತು. ಗಲಭೆಯಿಂದ, ಯುದ್ಧದಿಂದ ಮನೆಮಠ ಕಳೆದುಕೊಂಡ ಮಕ್ಕಳ ನಡುವೆ ಅದು ಸಾಗದು. ಅಲ್ಲಿ ಶಿಕ್ಷಕನೇ ಶಾಲೆ. ಅವನು ಎದ್ದುಹೋದರೆ ಉಳಿಯುವುದು ತಗಡಿನ ಚಾವಣಿ.

2023ರ ಮೇ 3ರಂದು ಮಣಿಪುರದಲ್ಲಿ ಆರಂಭವಾದ ಹಿಂಸಾಚಾರದಲ್ಲಿ ಅರವತ್ತು ಸಾವಿರದಷ್ಟು ಜನ ನೆಲೆ ತಪ್ಪಿದರು. ನಿರಾಶ್ರಿತರ ಶಿಬಿರಗಳಲ್ಲಿ ಮಕ್ಕಳಷ್ಟೇ ಅಲ್ಲ, ಅವರಿಗೆ ಕಲಿಸುತ್ತಿದ್ದವರೂ ಇದ್ದರು. ಕೆಲವು ಕುಟುಂಬಗಳೂ ವಿದ್ಯಾರ್ಥಿಗಳೂ ನಮ್ಮ ಬೆಂಗಳೂರಿಗೇ ಬಂದರು. ಇಂಥ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮಾತೆತ್ತಿದರೆ, ಉಣ್ಣಲು ಅನ್ನವಿಲ್ಲದವರಿಗೆ ಇಂಗ್ಲಿಷಿನ ಶೋಕಿಯೇಕೆ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಯನ್ನು ಕೇಳುವವರ ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆಂದು ನಾನು ವಿಚಾರಿಸಲು ಹೋಗುವುದಿಲ್ಲ. ಮೈತೈ, ಕುಕಿ, ನಾಗಾ ಸಮುದಾಯಗಳ ನುಡಿಗಳು ಬೇರೆ ಬೇರೆ. ಅಲ್ಲಿಂದ ಬಂದ ಮಗುವಿಗೆ ಕನ್ನಡ ತಿಳಿಯದು, ನಮ್ಮ ಶಿಕ್ಷಕಿಗೆ ಅದರ ನುಡಿ ತಿಳಿಯದು. ಇಬ್ಬರ ನಡುವೆ ಸದ್ಯಕ್ಕೆ ಇರುವ ಸೇತುವೆ ಅರೆಬರೆ ಇಂಗ್ಲಿಷ್ ಒಂದೇ. ಹೊಟ್ಟೆನೋವೆಂದು ವೈದ್ಯರಿಗೆ ಹೇಳುವುದಕ್ಕೂ ಪರೀಕ್ಷೆಯ ಅರ್ಜಿ ತುಂಬುವುದಕ್ಕೂ ಅದೇ ಬೇಕು. ಇದನ್ನು ಶೋಕಿಯೆನ್ನುವುದು ಅನ್ಯಾಯ.

ಆದರೆ ಕಲಿಸುವುದು ಅಷ್ಟು ಸುಲಭವೂ ಅಲ್ಲ. ಇಂಗ್ಲಿಷ್ ವಾಚಕಗಳಲ್ಲಿ ಸಾಮಾನ್ಯವಾಗಿ ಮೊದಲಿಗೆ ಬರುವ ಪಾಠಗಳು ಯಾವುವು? ‘ನನ್ನ ಮನೆ’, ‘ನನ್ನ ಕುಟುಂಬ’. ಮನೆ ಸುಟ್ಟುಹೋದ, ತಂದೆಯನ್ನು ಕಳೆದುಕೊಂಡ ಮಗುವನ್ನು ಎದ್ದು ನಿಲ್ಲಿಸಿ ಅದರ ಮೇಲೆ ಐದು ವಾಕ್ಯ ಹೇಳಿಸುವುದು ಎಂಥ ಕ್ರೌರ್ಯವೆಂದು ಅನುಭವವಿಲ್ಲದ ಶಿಕ್ಷಕಿಗೆ ಹೊಳೆಯದೆ ಹೋಗಬಹುದು. ಅದು ತಪ್ಪೆಂದು ತಿಳಿಸುವ ತರಬೇತಿ ಬೇಕು, ಸಂಜೆ ಕುಳಿತು ಮಾತನಾಡಲು ಜೊತೆಯ ಒಬ್ಬ ಶಿಕ್ಷಕಿ ಬೇಕು. ಒಂದೇ ಕೋಣೆಯಲ್ಲಿ ಆರು ವರ್ಷದವರೂ ಹದಿಮೂರು ವರ್ಷದವರೂ ಕುಳಿತಿರುತ್ತಾರೆ. ಇದರ ಮೇಲೆ, ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆಂಬ ಕಾನೂನು ಕೂಡ ವಿಪತ್ತು ಪರಿಹಾರದ ಕೆಲಸಕ್ಕೆ ವಿನಾಯಿತಿ ಕೊಟ್ಟಿದೆ. ಪಟ್ಟಿ ಬರೆಯುವುದೂ ಅವರ ತಲೆಗೇ ಬಂದೀತು.

ಇದೆಲ್ಲ ಆಗದ ಮಾತೆನ್ನುವವರು ಬೈಲಕುಪ್ಪೆಯ ಕಡೆಗೆ ನೋಡಬೇಕು. 1959ರ ಬಳಿಕ ಟಿಬೆಟ್ಟಿನಿಂದ ಓಡಿಬಂದವರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960–61ರಲ್ಲಿ ಅಲ್ಲಿಗೆ ಬಂದವರು ಆನೆಗಳ ಹಾವಳಿ, ಸೆಕೆ, ರೋಗಗಳ ನಡುವೆ ಕಾಡು ಕಡಿದು ನೆಲೆ ನಿಂತರು. ಅವರ ಮಕ್ಕಳ ಶಾಲೆಗಳಿಗಾಗಿ ಕೇಂದ್ರ ಸರ್ಕಾರ 1961ರಲ್ಲಿಯೇ ಒಂದು ಸ್ವಾಯತ್ತ ಸಂಸ್ಥೆಯನ್ನು ಹುಟ್ಟುಹಾಕಿತು. ಮುಂದೆ ಅದು ಕೇಂದ್ರೀಯ ಟಿಬೆಟಿಯನ್ ಶಾಲಾ ಆಡಳಿತವೆಂದು ಹೆಸರಾಯಿತು. ಶಿಕ್ಷಕರ ಸಂಬಳ ಆ ಅನುದಾನದಿಂದ ಬರುತ್ತಿತ್ತು. ಯಾವ ದಾನಿಯ ಉತ್ಸಾಹ ಉಕ್ಕಿದರೂ ತಣಿದರೂ ಅದು ನಿಲ್ಲುವಂತಿರಲಿಲ್ಲ. ಭಾರತೀಯ ಶಿಕ್ಷಕರೂ ಟಿಬೆಟಿಯನ್ ಶಿಕ್ಷಕರೂ ಜೊತೆಯಾಗಿ ಕಲಿಸಿದರು, ಮಕ್ಕಳು ಇಂಗ್ಲಿಷ್ ಕಲಿತು ಹೊರಗಿನ ಕಾಲೇಜುಗಳಿಗೆ ಹೋದರು. 2013ರ ನಂತರ ಈ ಶಾಲೆಗಳು ಹಂತಹಂತವಾಗಿ ಟಿಬೆಟಿಯನ್ನರದೇ ಸಂಸ್ಥೆಯ ಕೈಗೆ ಬಂದವು. ಅರ್ಧ ಶತಮಾನ ಶಾಲೆ ಉಳಿದದ್ದು ಕಟ್ಟಡದ ಬಲದಿಂದಲ್ಲ, ತಪ್ಪದೆ ಬಂದ ಸಂಬಳದ ಬಲದಿಂದ ಎಂಬುದು ವರ್ತಕನಾದ ನನ್ನ ಎಣಿಕೆ.

ಅಲ್ಲಿಂದ ಇನ್ನೊಂದು ಪಾಠವೂ ಉಂಟು. ಬರಿಯ ಇಂಗ್ಲಿಷಿನಿಂದ ಮಕ್ಕಳ ಸ್ವಂತ ನುಡಿ ಸೊರಗುತ್ತಿದೆಯೆಂದು ಟಿಬೆಟಿಯನ್ನರು ಕಂಡುಕೊಂಡು, ಕೆಳಗಿನ ತರಗತಿಗಳಲ್ಲಿ ತಮ್ಮ ನುಡಿಯನ್ನೇ ಮಾಧ್ಯಮವಾಗಿಸಲು ಹೊರಟರು. ಅವರ 2004ರ ಶಿಕ್ಷಣ ನೀತಿಯೂ ಇದನ್ನೇ ಹೇಳಿತು. ನೆಲ ಕಳೆದುಕೊಂಡವರಿಂದ ನುಡಿಯನ್ನೂ ಕಸಿದುಕೊಂಡರೆ ಅದು ದಾನವಲ್ಲ. ಆದಕಾರಣ ಇಂಗ್ಲಿಷ್ ಶಿಕ್ಷಕಿಯ ಜೊತೆಗೆ ಮಕ್ಕಳ ಸ್ವಂತ ನುಡಿ ಬಲ್ಲ ಒಬ್ಬರು ಇರಲೇಬೇಕು, ಅವರಿಗೂ ಸಂಬಳ ಸಲ್ಲಬೇಕು.

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಜ್ಯೋತಿ, ಪುಸ್ತಕ, ಸೂತ್ರ ಎಂದು ದಾನದ ಪುಣ್ಯ ಎಣಿಸುವ ನಮ್ಮ ಟ್ರಸ್ಟುಗಳು ಶಾಲೆಗಳನ್ನೂ ನಡೆಸುತ್ತವೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂಬ ಮಾನ್ಯತೆ ದೊರೆಯಿತು. ಅದೇ ವರ್ಷ ಮೇ 6ರಂದು ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನಮ್ಮ ಕೆಲವು ಆಡಳಿತ ಮಂಡಳಿಗಳಿಗೆ ಈ ವಿನಾಯಿತಿ ಬಹಳ ಪ್ರಿಯ. ಆ ಕಾಯಿದೆಯಲ್ಲಿ ಏನಿದೆಯೆಂದು ಓದಿದವರು ಎಷ್ಟು ಮಂದಿ? ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ತಡೆಯಬಾರದೆಂದಿದೆ. ಸುಟ್ಟ ಊರಿನಿಂದ ಬಂದ ಮಗು ವರ್ಗಾವಣೆ ಪತ್ರವನ್ನು ಎಲ್ಲಿಂದ ತಂದೀತು? ಕಾನೂನು ಕಟ್ಟಿಹಾಕದ ಕಡೆಯಲ್ಲಿಯೇ ಶ್ರಾವಕನ ಪರೀಕ್ಷೆ. ಅಭಯದಾನವೆಂದರೆ ಪಂಜರದ ಹಕ್ಕಿಯನ್ನು ಬಿಡಿಸುವುದಷ್ಟೇ ಆಗಿದ್ದರೆ ನಾನು ಈ ಮಾತು ಬರೆಯುತ್ತಿರಲಿಲ್ಲ.

ತರಬೇತಿಗೆ ದೂರ ಹೋಗಬೇಕಿಲ್ಲ. ನಮ್ಮ ಶ್ರೀಗಂಧದ ಕಾವಲಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. 1963ರಲ್ಲಿ ಸ್ಥಾಪನೆಯಾದ ಅದರ ಕೆಲಸವೇ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವುದು. ಅದರ ಅನುಭವಿಗಳನ್ನು ಕರೆಸಿ ಸಲಹೆ ಕೇಳುವುದಕ್ಕೆ ಶಿಲಾನ್ಯಾಸದ ಶಾಮಿಯಾನದ ಬಾಡಿಗೆಯಷ್ಟೂ ಆಗಲಾರದು.

ಲೆಕ್ಕಶಾಸ್ತ್ರ ಓದಿದವರಿಗೆ ಬಂಡವಾಳ ವೆಚ್ಚ, ಚಾಲ್ತಿ ವೆಚ್ಚಗಳ ಭೇದ ಗೊತ್ತು. ಕಟ್ಟಡವನ್ನು ಆಸ್ತಿಯ ಕಡೆಗೆ ಬರೆಯುತ್ತೇವೆ, ಸಂಬಳವನ್ನು ಖರ್ಚೆಂದು ಬರೆದು ಕೊರಗುತ್ತೇವೆ. ಕಟ್ಟಡಕ್ಕೆ ವರ್ಷವರ್ಷವೂ ಸವಕಳಿ ಕಳೆಯಬೇಕೆಂಬುದನ್ನು ಮರೆಯುತ್ತೇವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಸಾವಿರ ಓಲೆಕಟ್ಟುಗಳನ್ನು ಬರೆದ ಕೈಗಳು ಉಪವಾಸವಿದ್ದು ಬರೆದಿರಲಾರವು.

ಶಿಕ್ಷಕವೃತ್ತಿ ಸೇವೆ, ಅದಕ್ಕೆ ಬೆಲೆ ಕಟ್ಟಬಾರದು ಎಂಬ ವಾದವನ್ನು ನಾನು ಸಂಬಳ ಕೊಡುವವರ ಬಾಯಿಂದ ಮಾತ್ರ ಕೇಳಿದ್ದೇನೆ.

ಟ್ರಸ್ಟುಗಳ ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ನಿರ್ಣಯ ಬರಲಿ. ಹೊಸ ಕೊಠಡಿಗೆಂದು ಬಂದ ದತ್ತಿಯಲ್ಲಿ ಒಂದು ಪಾಲನ್ನು, ದಾನಿಯ ಒಪ್ಪಿಗೆ ಪಡೆದು, ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅದರ ಬಡ್ಡಿಯಿಂದ ಇಬ್ಬರು ಶಿಕ್ಷಕಿಯರಿಗೆ ಸಂಬಳ ಕೊಡೋಣ. ಅವರಲ್ಲಿ ಒಬ್ಬರಾದರೂ ನೆಲೆ ತಪ್ಪಿ ಬಂದವರಾಗಿರಲಿ. ಅವಧಿ ಮೂರು ವರ್ಷಕ್ಕೆ ಕಡಿಮೆ ಬೇಡ, ಒಂದೇ ವರ್ಷದಲ್ಲಿ ಕೈಬಿಡುವುದಾದರೆ ಆರಂಭಿಸುವುದೇ ಬೇಡ. ಹೆಸರಿನ ಕಲ್ಲು ಬೇಕೇಬೇಕೆನ್ನುವ ದಾನಿಗಳಿಗೆ ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಜಾಗ ಕೊಡಬಹುದು.